ಮೂಗು ಹೂಂ ಅಂದಮೇಲೆ

ಒಲೆಯಿಂದ ಮೂರೇ ಅಡಿ ದೂರದಲ್ಲಿ, ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು, ಅವನು ಹಾಯಾಗಿ ಕೂತಿದ್ದ. ಹಾಲು ಉಕ್ಕಿ, ಇಂಗಿ, ತಳ ಹಿಡಿದು, ಕೊನೆಗೆ ಪಾತ್ರೆಯೇ ಕರಕಲಾಗುವ ಹೊತ್ತಿಗೆ ಹೆಂಡತಿ ಬಚ್ಚಲಿನಿಂದ ಒದ್ದೆ ಕೂದಲಲ್ಲೇ ಓಡಿಬಂದಳು. ಒಲೆ ಆರಿಸಿದಳು, ಕಿಟಕಿ ತೆರೆದಳು, ಪಾತ್ರೆಯನ್ನು ನಲ್ಲಿಯ ಕೆಳಗಿಟ್ಟು ಅದು ಚುಂಯ್ ಎಂದು ಸುಮ್ಮನಾಗುವವರೆಗೂ ನೋಡುತ್ತ ನಿಂತಳು. ಆಮೇಲೆ ಅವನ ಕಡೆ ತಿರುಗಿ, “ಬಾಗಿಲು ಹಾಕ್ಕೊಂಡು ಸ್ನಾನ ಮಾಡ್ತಿದ್ದೋಳಿಗೆ ಬಂತು ಸೀದ ವಾಸನೆ. ನಿಮಗೆ ಬರ್ಲಿಲ್ವಾ?” ಎಂದಳು. ಕಾರ್ಖಾನೆಯದೇ ಯೋಚನೆ ಕಣೇ, ತಲೆ ಎಲ್ಲೋ ಇತ್ತು, ಎಂದ. ಈ ತಿಂಗಳಲ್ಲಿ ಇದು ಮೂರನೆಯ ಪಾತ್ರೆ. ಅವಳು ಪಾತ್ರೆ ಉಜ್ಜಲು ಶುರುಮಾಡಿದಳು. ಉಜ್ಜುವ ರಭಸದಲ್ಲಿ ಹೇಳಬೇಕಾದ್ದೆಲ್ಲ ಇತ್ತು. ಮದುವೆಯಾದ ಹೊಸದರಲ್ಲಿ ಇವನು ಅವಳ ಕೂದಲಲ್ಲಿ ಮುಖ ಹುದುಗಿಸಿ, ಇವತ್ತು ಅಮ್ಮನ ಮನೆಯ ಸೋಪು ಹಾಕಿದೀಯ, ಎಂದು ಹೇಳಿ ಅವಳನ್ನು ಬೆರಗುಗೊಳಿಸುತ್ತಿದ್ದ. ಮೂರು ತಿಂಗಳ ಹಿಂದೆ ಅವಳು ಸೋಪು ಬದಲಿಸಿದ್ದಳು. ಬದಲಿಸಿ, ಕಾದು, ಕಾದು, ಒಂದು ರಾತ್ರಿ ಗೋಡೆಯ ಕಡೆ ತಿರುಗಿ ಮಲಗಿದವಳು ಹಾಗೇ ಉಳಿದಿದ್ದಳು. ಗಂಡನಿಗೆ ತನ್ನ ಮೇಲೆ ಆಸೆ ಹೋಯಿತು ಎಂದು ಅವಳು ತೀರ್ಮಾನಿಸಿದ್ದು ಅವನಿಗೆ ಗೊತ್ತಿತ್ತು. ಅಂದುಕೊಳ್ಳಲಿ ಬಿಡು, ಮೂಗು ಹೋಯಿತು ಅಂತ ಗೊತ್ತಾಗುವುದಕ್ಕಿಂತ ಆಸೆ ಹೋಯಿತು ಅಂದುಕೊಳ್ಳುವುದೇ ವಾಸಿ, ಎಂದು ಅವನು ಸುಮ್ಮನಿದ್ದುಬಿಟ್ಟಿದ್ದ.

ಹದಿನಾಲ್ಕು ತಿಂಗಳ ಹಿಂದೆ ಬಂದದ್ದು ಬರೀ ಒಂದು ಜ್ವರ. ಐದು ದಿನ ಮಲಗಿಸಿ ಹೋಯಿತು, ಹೋಗುವಾಗ ಮೂಗಿನಲ್ಲಿದ್ದುದನ್ನೆಲ್ಲ ಗುಡಿಸಿಕೊಂಡು ಹೋಯಿತು. ಗುಮಾಸ್ತನಿಗೋ ಡ್ರೈವರಿಗೋ ಹೀಗಾಗಿದ್ದರೆ ನಾಲ್ಕು ಜನರ ಹತ್ತಿರ ಹೇಳಿಕೊಂಡು, ಅಯ್ಯೋ ಪಾಪ ಎನ್ನಿಸಿಕೊಂಡು, ಮರೆತುಬಿಡಬಹುದಿತ್ತು. ಇವನು ಥಿನ್ನರ್ ಮತ್ತು ಅಂಟು ತಯಾರಿಸುವ ಕಾರ್ಖಾನೆಯ ಸೇಫ್ಟಿ ಆಫೀಸರ್. ಅದೂ ಎಂಥ ಆಫೀಸರ್! ಹನ್ನೊಂದು ವರ್ಷದ ಹಿಂದೆ, ಎರಡನೇ ಶೆಡ್ಡಿನ ಬಾಗಿಲಲ್ಲಿ ನಡೆದು ಹೋಗುತ್ತಿದ್ದವನು ತಟ್ಟನೆ ನಿಂತು, ಎಲ್ಲ ನಿಲ್ಲಿಸಿ, ಇಲ್ಲೆಲ್ಲೋ ಸೋರ್ತಿದೆ, ಎಂದಿದ್ದ. ಗ್ಯಾಸ್ ಮೀಟರ್ ಹಿಡಿದವನು ಸೊನ್ನೆ ಅಂತಿದೆ ಸಾರ್ ಎಂದರೂ ಕೇಳದೆ ನೆಲ ಅಗೆಸಿದ. ಮೂರು ಅಡಿ ಕೆಳಗೆ ಪೈಪು ಬೆವರುತ್ತಿತ್ತು. ಆವತ್ತಿನಿಂದ ಅವನಿಗೆ ಹೆಸರು ಹೋಗಿ ಮೂಗು ಎಂದೇ ಆಯಿತು. ಮೂಗು ಬಂದ್ರಾ, ಮೂಗು ಊಟಕ್ಕೆ ಹೋಗಿದೆ, ಮೂಗಿಗೆ ಇವತ್ತು ಸಿಟ್ಟು. ಬೆನ್ನ ಹಿಂದೆ ಹುಟ್ಟಿದ ಹೆಸರು ಎದುರಿಗೂ ಬಂತು, ಅವನಿಗೂ ಅದು ಹಿತವಾಗಿಯೇ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ಒಂದು ಪದ್ಧತಿ ಹುಟ್ಟಿತು. ಕಾರ್ಖಾನೆಯೊಳಗೆ ಎಲ್ಲೇ ಆಗಲಿ ವೆಲ್ಡಿಂಗು, ಗ್ಯಾಸ್ ಕಟಿಂಗು, ಏನೇ ಬೆಂಕಿ ಕೆಲಸ ಆಗಲಿ, ಮೊದಲು ಪರ್ಮಿಟ್ ಬರೆಯಬೇಕು, ಮೀಟರ್ ಹಿಡಿದು ಗಾಳಿಯಲ್ಲಿ ಆವಿ ಎಷ್ಟಿದೆ ನೋಡಿ ಅದರಲ್ಲಿ ತುಂಬಬೇಕು. ಪುಸ್ತಕದಲ್ಲಿದ್ದದ್ದು ಇಷ್ಟು. ಇವರು ಮಾಡುತ್ತಿದ್ದದ್ದು ಬೇರೆ. ಮೂಗು ಬರಬೇಕು, ಬಗ್ಗಬೇಕು, ಎರಡು ಸಲ ಎಳೆದುಕೊಳ್ಳಬೇಕು, ಹೂಂ ಅನ್ನಬೇಕು. ಹೂಂ ಅಂದಮೇಲೆ ಮೀಟರಿನವನು ಪೆಟ್ಟಿಗೆ ಕೂಡ ತೆರೆಯದೆ ಸೊನ್ನೆ ಎಂದು ಬರೆಯುತ್ತಿದ್ದ.

ಜ್ವರ ಬಿಟ್ಟು ಕೆಲಸಕ್ಕೆ ಹೋದ ಮೊದಲ ದಿನ ಅವನು ಸತ್ಯವಂತನಾಗಿಯೇ ಹೋಗಿದ್ದ. ಮೀಟರ್ ತಗೊಂಡು ಬನ್ನಿ, ನೋಡೋಣ, ಎಂದಿದ್ದ. ಅದಕ್ಕೆ ಎಲ್ಲರೂ ನಕ್ಕರು. ಮೂಗಿರೋವಾಗ ಮೀಟರ್ ಯಾಕೆ ಸಾರ್, ಎಂದರು. ಅವನೂ ನಕ್ಕ. ಆ ಒಂದು ನಗುವಿನ ಹಿಂದೆ ಹದಿನಾಲ್ಕು ತಿಂಗಳು ಹೋದವು. ಮೊದಮೊದಲು ಕೋಟಿನ ಒಳಗೆ ಮೀಟರನ್ನು ಬಚ್ಚಿಟ್ಟುಕೊಂಡು ಹೋಗಿ, ಕಳ್ಳನ ಹಾಗೆ ಕಣ್ಣು ಹಾಯಿಸಿ, ಆಮೇಲೆ ಬಗ್ಗಿ ಮೂಸುತ್ತಿದ್ದ. ಬರಬರುತ್ತ ಇನ್ನೊಂದು ವಿದ್ಯೆ ಕಲಿತ: ಬೇರೆಯವರ ಮುಖದಲ್ಲಿ ವಾಸನೆ ಓದುವುದು. ಯಾರ ಹುಬ್ಬು ಗಂಟಾಯಿತು, ಯಾರ ಮೂಗಿನ ಹೊಳ್ಳೆ ಅರಳಿತು, ಯಾರು ಉಗುಳು ನುಂಗಿದರು. ಅವರ ಮೂಗಿನಿಂದ ಕದ್ದು ತನ್ನ ಮೂಗಿನದೆಂದು ಹೇಳುತ್ತಿದ್ದ. ಅವರು ಇನ್ನಷ್ಟು ಬೆರಗಾಗುತ್ತಿದ್ದರು. ಮೀಟರ್ ಕೆಟ್ಟು ರಿಪೇರಿಗೆ ಹೋಗಿ ವಾರಗಳೇ ಕಳೆದರೂ ಅವನು ಅದನ್ನು ತರಿಸಲಿಲ್ಲ. ಯಾಕಯ್ಯ ಇಷ್ಟು ಅವಸರ, ನಿನ್ನ ಮೂಗಿಗೆ ಏನಾಗಿದೆ, ಎಂದು ಯಾರಾದರೂ ಕೇಳಿದರೆ ಎಂಬ ಅಳುಕು.

ಹನ್ನೆರಡು ದಿನದ ಹಿಂದಿನ ಆ ಬೆಳಗ್ಗೆಯೂ ಮೀಟರ್ ಇರಲಿಲ್ಲ. ಥಿನ್ನರ್ ತುಂಬುವ ಟ್ಯಾಂಕಿನ ಪಕ್ಕದ ಚರಂಡಿಯ ಮೇಲೆ ತುಕ್ಕು ಹಿಡಿದ ಒಂದು ಕಬ್ಬಿಣದ ಆಸರೆ ಕತ್ತರಿಸಬೇಕಿತ್ತು, ಹತ್ತು ನಿಮಿಷದ ಕೆಲಸ. ಥಿನ್ನರಿನ ಆವಿ ಗಾಳಿಗಿಂತ ಭಾರ, ಹೊಗೆಯ ಹಾಗೆ ಮೇಲೇರುವುದಿಲ್ಲ, ನೀರಿನ ಹಾಗೆ ತಗ್ಗು ಹುಡುಕಿ ಹೋಗಿ ಮಲಗುತ್ತದೆ. ಹೊಸಬರಿಗೆಲ್ಲ ಇದನ್ನು ಪಾಠ ಹೇಳುವವನೇ ಅವನು. ವೆಲ್ಡರ್ ಗ್ಯಾಸ್ ಕಟರ್ ಕೈಯಲ್ಲಿ ಹಿಡಿದು, ಚರಂಡಿಯ ಅಂಚಿಗೆ ಮಂಡಿಯೂರಿ ಕೂತು, ತಲೆ ಎತ್ತಿ, ಏನೋ ಸಿಹಿ ವಾಸನೆ ಬಂದ ಹಾಗಿದೆಯಲ್ಲ ಸಾರ್, ಎಂದ. ಇವನು ಬಗ್ಗಿದ. ಎರಡು ಸಲ ಎಳೆದುಕೊಂಡ. ಎಂದಿನಂತೆ ತಣ್ಣನೆಯ ಗಾಳಿ, ಅಷ್ಟೆ. ಆ ಕ್ಷಣದಲ್ಲಿ ಅವನಿಗೆ ಬಂದದ್ದು ಭಯವಲ್ಲ, ಸಿಟ್ಟು. ಐದಾರು ಜನರ ಎದುರಿಗೆ ಒಬ್ಬ ವೆಲ್ಡರ್ ತನಗೆ ವಾಸನೆ ಹೇಳಿಕೊಡುತ್ತಿದ್ದಾನಲ್ಲ ಎಂಬ ಸಿಟ್ಟು. “ಅದು ನೀನು ತಲೆಗೆ ಮೆತ್ಕೊಂಡಿರೋ ಎಣ್ಣೆ ಕಣಯ್ಯ. ಹೆಣ್ಣು ನೋಡೋಕೆ ಹೊರಟಿದೀಯಾ ಹೇಗೆ?” ಎಂದ. ಎಲ್ಲರೂ ಗೊಳ್ಳೆಂದು ನಕ್ಕರು. ವೆಲ್ಡರಿನ ಕಿವಿ ಕೆಂಪಾಯಿತು, ಅವನೂ ನಕ್ಕು ಹಣೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡ. ಮೂಗು ಹೂಂ ಎಂದಿತು. ಇಪ್ಪತ್ತು ಹೆಜ್ಜೆ ಆಚೆ ಬಂದಿರಬೇಕು, ಅಷ್ಟರಲ್ಲಿ ಬೆನ್ನಿಗೆ ಬಿಸಿ ತಟ್ಟಿತು. ತಿರುಗಿ ನೋಡಿದರೆ ಚರಂಡಿಯ ಉದ್ದಕ್ಕೂ ನೀಲಿ ಬೆಂಕಿ ನೀರಿನಂತೆ ಹರಿಯುತ್ತಿತ್ತು, ವೆಲ್ಡರ್ ಸೊಂಟದ ತನಕ ಅದರೊಳಗೆ ಇದ್ದ.

ಇವತ್ತು, ಹಾಲು ಸೀದ ಬೆಳಗ್ಗೆ, ಅವನು ಕಾರ್ಖಾನೆ ತಲುಪಿದ ಕೂಡಲೇ ಮ್ಯಾನೇಜರ್ ಕರೆಯುತ್ತಿದ್ದಾರೆ ಎಂದರು. ಒಳಗೆ ಹೋದರೆ ಮ್ಯಾನೇಜರ್ ಎಡಗೈಯಲ್ಲಿ ಮೂಗು ಹಿಡಿದುಕೊಂಡು, ಬಲಗೈಯಲ್ಲಿ ಕಾಗದ ಮಗುಚುತ್ತಿದ್ದರು. ಸರಿಯಾದ ಹೊತ್ತಿಗೆ ಬಂದ್ರಿ, ಎರಡು ದಿನದಿಂದ ಈ ರೂಮಲ್ಲಿ ಏನೋ ಸತ್ತಿದೆ, ಇಲಿಯೋ ಏನು ಸುಡುಗಾಡೋ, ಗುಡಿಸೋರಿಗೆ ಸಿಗ್ತಿಲ್ಲ, ನಿಮ್ಮ ಮೂಗಿಗೆ ಇದು ಯಾವ ಲೆಕ್ಕ, ಸ್ವಲ್ಪ ಹುಡುಕಿಕೊಡಿ, ಎಂದರು. ಅವನು ತಮಾಷೆ ಇರಬೇಕೆಂದು ಹಲ್ಲು ಬಿಟ್ಟ. ಮ್ಯಾನೇಜರ್ ಕಾಯುತ್ತಿದ್ದರು. ಸರಿ, ಮೂಗು ಮುಂದೆ ಚಾಚಿ ಕೋಣೆ ಸುತ್ತಲು ಶುರುಮಾಡಿದ. ನಲವತ್ತೆಂಟು ವರ್ಷದ ಮನುಷ್ಯ ಮಂಡಿಯೂರಿ ಕಪಾಟಿನ ಸಂದಿಯಲ್ಲಿ ಮೂಸಿದ, ಫೈಲುಗಳ ಮಧ್ಯೆ ಮೂಸಿದ, ಮ್ಯಾನೇಜರ ಮೇಜಿನ ಕೆಳಗೆ ತೂರಿ ಅವರ ಬೂಟಿನ ಹತ್ತಿರ ಮೂಸಿದ. ಮೂಸುತ್ತ ಮೂಸುತ್ತ ಓರೆಗಣ್ಣಿನಲ್ಲಿ ಅವರ ಮುಖ ನೋಡುತ್ತಿದ್ದ, ಅಲ್ಲಿ ಏನೂ ಸಿಗಲಿಲ್ಲ. ಅವರು ಫೋನಿನಲ್ಲಿ ಮುಳುಗಿಬಿಟ್ಟಿದ್ದರು. ಬೆವರು ಕಿತ್ತುಬಂತು. ಕೊನೆಗೆ ಒಂದು ನೊಣ ಕಾಪಾಡಿತು. ಕಿಟಕಿಯ ಪಕ್ಕದ ತಗಡಿನ ಕಪಾಟಿನ ಹಿಂದೆ ಅದು ಹೋಯಿತು, ಇನ್ನೊಂದೂ ಹೋಯಿತು. ಇಲ್ಲಿದೆ, ಎಂದ. ಕಪಾಟು ಸರಿಸಿದರೆ ಇಲಿ ಅಲ್ಲೇ ಇತ್ತು. “ನೋಡಿದ್ರಾ!” ಎಂದು ಮ್ಯಾನೇಜರ್ ಮೇಜು ತಟ್ಟಿದರು, “ಇಂಥ ಮೂಗಿನ ಮೇಲೆ ತಪ್ಪು ಹೊರಿಸಿದ್ರೆ ಯಾರು ನಂಬ್ತಾರೆ?” ಮಂಡಿಗೆ ಮೆತ್ತಿದ ಧೂಳನ್ನು ಕೊಡವಿಕೊಳ್ಳುತ್ತ ಅವನಿಗೆ ನಿಜವಾಗಿಯೂ ಹೆಮ್ಮೆಯಾಯಿತು. ಹೆಮ್ಮೆಯಾದದ್ದಕ್ಕೆ ಮರುಗಳಿಗೆ ನಾಚಿಕೆಯೂ ಆಯಿತು.

ಆಮೇಲೆ ಮ್ಯಾನೇಜರ್ ಮೆಲ್ಲಗೆ ವಿಷಯಕ್ಕೆ ಬಂದರು. ನಾಳೆ ಸರ್ಕಾರದಿಂದ ಇನ್‌ಸ್ಪೆಕ್ಟರ್ ಬರುತ್ತಾರೆ. ಪರ್ಮಿಟಿನಲ್ಲಿ ಮೀಟರಿನ ಜಾಗದಲ್ಲಿ ಸೊನ್ನೆ ಇದೆ, ಮೀಟರ್ ಮಾತ್ರ ರಿಪೇರಿ ಅಂಗಡಿಯಲ್ಲಿದೆ. ಇದನ್ನು ಅವರಿಗೆ ಹೇಗೆ ಹೇಳುವುದು? ಆ ಪರ್ಮಿಟ್ ಬರೆಯಲೇ ಇಲ್ಲ ಎಂದಾದರೆ ಸರಿಹೋಗುತ್ತದೆ. ಸೇಫ್ಟಿ ಆಫೀಸರ್ ಬರುವ ಮುಂಚೆಯೇ, ಯಾರನ್ನೂ ಕೇಳದೆ, ವೆಲ್ಡರ್ ತಾನೇ ಕಟರ್ ಹಚ್ಚಿದ ಎಂದು ಬರೆದರಾಯಿತು. ಅಲ್ಲಿದ್ದವರಿಗೆಲ್ಲ ಹೇಳಿ ಆಗಿದೆ, ಯಾರೂ ಬಾಯಿ ಬಿಡುವುದಿಲ್ಲ. ಇನ್ನು ವೆಲ್ಡರಿನ ಸಹಿ ಒಂದು ಬೇಕು. ನಮಗೆಲ್ಲ ಕೊಡಲ್ಲ, ನಿಮಗಾದ್ರೆ ಕೊಡ್ತಾನೆ, ದಿನಾ ಹೋಗಿ ಕೂತ್ಕೋತೀರಂತಲ್ಲ, ಎಂದು ಒಂದು ಕಾಗದ ಮುಂದೆ ತಳ್ಳಿದರು. ಇದಕ್ಕೆ ಸಹಿ ಹಾಕಿದಮೇಲೆ ಅವನ ಕೈಗೆ ಬೆಂಕಿ ಕೆಲಸ ಯಾರು ಕೊಡ್ತಾರೆ ಸಾರ್, ಅದು ಬಿಟ್ರೆ ಅವನಿಗೆ ಬೇರೆ ಏನೂ ಗೊತ್ತಿಲ್ಲ, ಎಂದು ಇವನು ಅಂದ. ಅಂದದ್ದು ಬಲು ಸಣ್ಣ ದನಿಯಲ್ಲಿ. ಮ್ಯಾನೇಜರ್ ಅವನನ್ನೇ ನೋಡಿ, ಹಾಗಾದ್ರೆ ನೀವು ಅಲ್ಲಿದ್ರಿ ಅಂತ ಬರೀಲಾ, ನಿಮಗೆ ವಾಸನೆ ಬರ್ಲಿಲ್ಲ ಅಂತ ಬರೀಲಾ, ಎಂದು ಕೇಳಿದರು. ಅವರು ಸುಮ್ಮನೆ ಕೇಳಿದ್ದರು, ಇವನಿಗೆ ಅಷ್ಟೇ ಸಾಕಾಯಿತು. ಕಾಗದ ಮಡಿಸಿ ಜೇಬಿಗೆ ಇಟ್ಟುಕೊಂಡ.

ಸಂಜೆ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಕಾಲು ಎಂದಿನಂತೆ ಹಗುರವಾಯಿತು, ಇದು ಅವನಿಗೇ ವಿಚಿತ್ರವೆನಿಸಿತು. ಹನ್ನೆರಡು ದಿನವೂ ಬಂದಿದ್ದ. ಮೊದಲ ದಿನ ಹೆದರಿ ಬಂದಿದ್ದ, ಎರಡನೆಯ ದಿನ ತಪ್ಪು ಮಾಡಿದವನ ಹಾಗೆ ಬಂದಿದ್ದ. ನಾಲ್ಕನೆಯ ದಿನದಿಂದ ಬರತೊಡಗಿದ್ದಕ್ಕೆ ಕಾರಣವೇ ಬೇರೆ. ಆ ಹೊತ್ತಿಗೆ ಗಾಯ ಕೀವಾಗಿತ್ತು. ಕೆಲಸದ ಗೆಳೆಯರು ಬಾಗಿಲಲ್ಲೇ ನಿಂತು ಕೈಬೀಸಿ ಹೋಗುತ್ತಿದ್ದರು. ಪಕ್ಕದ ಹಾಸಿಗೆಯವರು ನಮಗೆ ಊಟ ಸೇರ್ತಿಲ್ಲ ಎಂದು ಜಗಳ ಮಾಡಿ ಬೇರೆ ಕಡೆ ಹೋದರು. ಉಳಿದದ್ದು ವೆಲ್ಡರಿನ ಅಕ್ಕ ಒಬ್ಬಳೇ, ಅವಳೂ ಮೂಗಿನ ಮೇಲೆ ಮಡಿಸಿದ ಬಟ್ಟೆ ಕಟ್ಟಿಕೊಂಡು, ಕಿಟಕಿಯ ಹತ್ತಿರವೇ ಕೂರುತ್ತಿದ್ದಳು. ಇವನು ಮಾತ್ರ ಏನೂ ಆಗದವನ ಹಾಗೆ ಸ್ಟೂಲನ್ನು ಹಾಸಿಗೆಗೆ ಒತ್ತಿ ಎಳೆದುಕೊಂಡು, ತೆರೆದ ಮುಖದಲ್ಲಿ ಕೂತು, ಚಮಚದಲ್ಲಿ ಗಂಜಿ ಕುಡಿಸುತ್ತಿದ್ದ. ಆವತ್ತು ಅಕ್ಕ ಕಣ್ಣೊರೆಸಿಕೊಂಡು, “ಬೆನ್ನಿಗೆ ಬಿದ್ದ ತಮ್ಮ, ಎತ್ತಿ ಆಡಿಸಿದೋಳು ನಾನು, ನನ್ನ ಕೈಲೇ ಆಗ್ತಿಲ್ಲ. ನೀವು ದೇವರಂಥೋರು,” ಎಂದಿದ್ದಳು. ಅಯ್ಯೋ ಅದರಲ್ಲೇನಮ್ಮ, ಎಂದಿದ್ದ ಅವನು. ನರ್ಸುಗಳು ಇವನನ್ನು ತೋರಿಸಿ ಮಾತಾಡಿಕೊಳ್ಳುತ್ತಿದ್ದರು. ಹೋದಲ್ಲೆಲ್ಲ ಮೂಗಿನಿಂದ ಹೆಸರು ಪಡೆದವನು ಇಲ್ಲಿ ಮೂಗಿಲ್ಲದ್ದರಿಂದ ಹೆಸರು ಪಡೆಯುತ್ತಿದ್ದ. ಅದು ಮೋಸ ಎಂದು ಗೊತ್ತಿತ್ತು. ಆದರೂ ದಿನವೆಲ್ಲ ಸಂಜೆಗಾಗಿ ಕಾಯುತ್ತಿದ್ದ.

ವೆಲ್ಡರ್ ಎಚ್ಚರವಾಗಿದ್ದ. ಮುಖ ಉಳಿದಿತ್ತು, ಕನ್ನಡಕ ಕಾಪಾಡಿದ ಕಣ್ಣುಗಳು ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿದ್ದವು. ಎರಡು ಕೈಗೂ ಬಟ್ಟೆ ಸುತ್ತಿತ್ತು, ಬಲಗೈಯ ಎರಡು ಬೆರಳು ಮಾತ್ರ ಹೊರಗಿದ್ದವು. ಅಕ್ಕ ತಟ್ಟೆಯಲ್ಲಿ ನಾಲ್ಕು ಬಿಸ್ಕತ್ತು ಇಟ್ಟು, ಕೆಲಸದಿಂದ ನೇರ ಬಂದಿದೀರಿ, ತಗೊಳ್ಳಿ, ಎಂದು ಇವನ ತೊಡೆಯ ಮೇಲಿಟ್ಟಳು. ಹೇಗೆ ಶುರುಮಾಡುವುದು ಎಂದು ಅವನು ತಿಣುಕುತ್ತಿರುವಾಗ ಅವಳೇ ದಾರಿ ಮಾಡಿಕೊಟ್ಟಳು. ನಿದ್ದೆಯಲ್ಲೂ ಒಂದೇ ಮಾತು ಸಾರ್ ಇವನದು, ವಾಸನೆ ಇತ್ತಾ ಇರಲಿಲ್ವಾ ಅಂತ ಕೇಳ್ತಾನೆ, ಸುಟ್ಟಿದ್ದಕ್ಕಿಂತ ಅದೇ ಇವನಿಗೆ ಸಂಕಟ, ನೀವಾದ್ರೂ ಹೇಳಿ, ಎಂದಳು. ವೆಲ್ಡರ್ ತುಟಿ ಒದ್ದೆ ಮಾಡಿಕೊಂಡು ನಿಧಾನವಾಗಿ ಮಾತಾಡಿದ. ತನಗೆ ಆವತ್ತು ಸಿಹಿ ವಾಸನೆ ಬಂದದ್ದು ಖಂಡಿತ. ಆದರೆ ಸಾರ್ ಬಗ್ಗಿ ನೋಡಿ ಇಲ್ಲ ಎಂದರು. ಸಾರಿಗೆ ಬರಲಿಲ್ಲ ಅಂದರೆ ಅಲ್ಲಿ ಇರಲಿಲ್ಲ ಅಂತಲೇ ಅರ್ಥ. ಹಾಗಾದರೆ ಬೆಂಕಿ ಹೇಗೆ ಬಂತು? ತಾನೇ ಕಟರಿನ ವಾಲ್ವು ಸರಿಯಾಗಿ ತಿರುಗಿಸಲಿಲ್ಲವೇನೋ, ಕಟರಿನ ಪೈಪೇ ಸೋರುತ್ತಿತ್ತೇನೋ. ಹದಿನೇಳು ವರ್ಷ ಬೆಂಕಿ ಹಿಡಿದ ಕೈ, ಇದೊಂದು ಗೊತ್ತಾಗಿಬಿಟ್ಟರೆ ಸಾಕು ಸಾರ್, ತಪ್ಪು ನಂದೇ ಆದ್ರೂ ಪರವಾಗಿಲ್ಲ, ಎಂದ.

ಹೇಳಿಬಿಡಬಹುದಿತ್ತು. ನಾಲಗೆಯ ತುದಿಯವರೆಗೂ ಬಂತು. ಇತ್ತು ಕಣಯ್ಯ, ವಾಸನೆ ಇತ್ತು, ನೀನು ಸರಿ, ಎಂದರೆ ಆಗುತ್ತಿತ್ತು, ನಾಲ್ಕು ಮಾತು. ಅಷ್ಟರಲ್ಲಿ ಕೈ ತನ್ನಷ್ಟಕ್ಕೆ ತಾನೇ ಜೇಬಿಗೆ ಹೋಗಿ ಕಾಗದ ತೆಗೆದಿತ್ತು. ಕಂಪನಿಯ ಕಡೆಯಿಂದ ಒಂದು ಹೇಳಿಕೆ ಬೇಕಂತೆ, ಬರೀ ದಾಖಲೆಗೆ, ಎಂದು ಹೇಳುತ್ತಿರುವುದು ಅವನಿಗೇ ಕೇಳಿಸಿತು. ಪರ್ಮಿಟ್ ಆಗುವ ಮುಂಚೆ ನೀನೇ ಹಚ್ಚಿದೆ ಅಂತ ಇದೆ, ವಾಲ್ವಿನ ವಿಷಯ ನೀನೇ ಹೇಳ್ತಿದೀಯಲ್ಲ, ಹೆಚ್ಚು ಕಮ್ಮಿ ಒಂದೇ. ಆಸ್ಪತ್ರೆಯದೆಲ್ಲ ಕಂಪನಿ ನೋಡಿಕೊಳ್ಳುತ್ತೆ. ಅಕ್ಕ ಏನೋ ಕೇಳಲು ಬಾಯಿ ತೆರೆದಳು. ವೆಲ್ಡರ್ ಅವಳನ್ನು ಕಣ್ಣಲ್ಲೇ ತಡೆದು, ಸಾರ್ ಇದ್ದಾರಲ್ಲ, ಅವರು ನಮಗೆ ಕೆಟ್ಟದ್ದು ಮಾಡ್ತಾರಾ, ಓದಿ ಸಾರ್ ಕೇಳಿಸ್ಕೋತೀನಿ, ಎಂದ.

ಅವನು ಓದಲು ಶುರುಮಾಡುವುದಕ್ಕೂ ಡ್ರೆಸ್ಸಿಂಗ್ ಬದಲಿಸಲು ನರ್ಸ್ ಬರುವುದಕ್ಕೂ ಸರಿಹೋಯಿತು. ಹೊರಗೆ ಇರ್ತೀರಾ, ಎಂದು ಅವಳು ಕೇಳಿದಳು. ಪರವಾಗಿಲ್ಲ ನಮಗೇನೂ ತೊಂದರೆ ಇಲ್ಲ, ಎಂದು ಅವನು ಎಂದಿನ ದೊಡ್ಡಸ್ತಿಕೆಯಲ್ಲಿ ಹೇಳಿ ಕೂತೇ ಇದ್ದ. ನರ್ಸ್ ಎರಡೆರಡು ಮುಖವಸ್ತ್ರ ಹಾಕಿಕೊಂಡು ಹೊದಿಕೆ ಸರಿಸಿ, ತೊಡೆಯ ಮೇಲಿನ ಬಟ್ಟೆಯನ್ನು ಒದ್ದೆ ಮಾಡಿ ಬಿಚ್ಚಿದಳು. ಅವನು ಕಾಗದದ ಮೇಲೆ ಕಣ್ಣಿಟ್ಟು ಓದುತ್ತಿದ್ದ. ಓದುತ್ತಲೇ, ತನ್ನ ತೊಡೆಯ ಮೇಲಿನ ತಟ್ಟೆಯಿಂದ ಬಿಸ್ಕತ್ತೊಂದನ್ನು ಬಾಯಿಗೆ ಹಾಕಿಕೊಂಡ. ಮೇಲ್ಕಂಡ ದಿನ, ಮೇಲ್ಕಂಡ ಸ್ಥಳದಲ್ಲಿ, ಯಾರ ಅನುಮತಿಯೂ ಇಲ್ಲದೆ. ಅಗಿದ. ಇನ್ನೊಂದು ತೆಗೆದುಕೊಂಡ. ಕಿಟಕಿಯ ಕಡೆಯಿಂದ ಏನೋ ಸದ್ದು ಬಂತು. ತಲೆ ಎತ್ತಿದ. ಅಕ್ಕ ಕಿಟಕಿಯಿಂದ ಅರ್ಧ ದೇಹ ಹೊರಹಾಕಿ ಓಕರಿಸುತ್ತಿದ್ದಳು. ನರ್ಸ್ ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ಕಟ್ಟಿಕೊಂಡಿದ್ದಳು. ತನ್ನದೇ ಮೈಯ ನಾತಕ್ಕೆ ವೆಲ್ಡರಿನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆ ಕಣ್ಣು ಇವನ ಬಾಯಿಯನ್ನು, ತುಟಿಗೆ ಅಂಟಿದ ಬಿಸ್ಕತ್ತಿನ ಪುಡಿಯನ್ನು ನೋಡುತ್ತಿತ್ತು. ಅಲ್ಲಿಂದ ಮೂಗಿಗೆ ಬಂತು. ಅಲ್ಲೇ ನಿಂತಿತು.

“ಸಾರ್,” ಎಂದ ವೆಲ್ಡರ್. “ನಿಮಗೆ ವಾಸನೆ ಬರಲ್ಲ. ಅಲ್ವಾ?”

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕಷ್ಟವಾದದ್ದು, ಆ ದನಿಯಲ್ಲಿ ಒಂದು ಬಗೆಯ ಸಂತೋಷವಿತ್ತು, ಹನ್ನೆರಡು ದಿನದಿಂದ ಕೈತಪ್ಪಿದ್ದದ್ದು ಸಿಕ್ಕೇಬಿಟ್ಟಿತು ಎಂಬಂಥ ಸಂತೋಷ. ಹಾಗಾದರೆ ಇತ್ತು, ನನಗೆ ಬಂದದ್ದು ನಿಜ, ನನ್ನ ವಾಲ್ವು ಸರಿಯಿತ್ತು, ನನ್ನ ಕೈ ಸರಿಯಿತ್ತು. ಇದೆಲ್ಲ ಆ ದೊಡ್ಡ ಕಣ್ಣುಗಳಲ್ಲಿ ಒಂದೊಂದಾಗಿ ಬೆಳಗುತ್ತ ಹೋಗುವುದನ್ನು ಅವನು ನೋಡಿದ. ಮುಖ ಓದುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಹೌದು ಎಂದುಬಿಡು, ಎಂದು ಒಳಗಿನಿಂದ ಯಾರೋ ಹೇಳಿದರು. ತಲೆ ಆಡಿಸಿದರೂ ಸಾಕು. ಅದೇ ಹೊತ್ತಿಗೆ ಅವನ ತಲೆಯೊಳಗೆ ಮ್ಯಾನೇಜರ್ ಮೇಜು ತಟ್ಟಿದ ಸದ್ದು ಕೇಳಿಸಿತು, ಹೆಂಡತಿ ಪಾತ್ರೆ ಬಿಟ್ಟು ತಿರುಗಿ ನೋಡಿದಳು, ಚರಂಡಿಯ ಸುತ್ತ ನಿಂತಿದ್ದವರು ಗೊಳ್ಳೆಂದು ನಕ್ಕರು, ಈ ಸಲ ಅವನನ್ನು ನೋಡಿಕೊಂಡು ನಕ್ಕರು.

ಅವನು ಬಿಸ್ಕತ್ತಿನ ತಟ್ಟೆಯನ್ನು ನೆಲಕ್ಕಿಟ್ಟ. ಜೇಬಿನಿಂದ ಕರ್ಚೀಫು ತೆಗೆದು, ನಾಲ್ಕು ಮಡಿಕೆ ಮಾಡಿ, ಮೂಗಿಗೆ ಒತ್ತಿ ಹಿಡಿದ. ಸ್ಟೂಲನ್ನು ಎರಡು ಅಡಿ ಹಿಂದಕ್ಕೆ ಎಳೆದುಕೊಂಡ, ನೆಲ ಕಿರ್ರೆಂದಿತು. ಹುಬ್ಬು ಗಂಟಿಕ್ಕಿದ, ಉಗುಳು ನುಂಗಿದ. ಇದೆಲ್ಲ ಹೇಗೆ ಮಾಡುವುದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಬರುತ್ತಪ್ಪ,” ಎಂದ. “ಮೊದಲಿನಿಂದ ಬರ್ತಾನೇ ಇದೆ. ನಿನಗೆ ಬೇಜಾರಾಗುತ್ತೆ ಅಂತ ತಡ್ಕೊಂಡಿದ್ದೆ. ಇವತ್ತು ತಡ್ಕೊಳ್ಳೋಕಾಗ್ತಿಲ್ಲ. ಏನು ನಾತ ಇದು.”

ನರ್ಸ್ ತಲೆ ತಗ್ಗಿಸಿ ಬೇಗ ಬೇಗ ಬಟ್ಟೆ ಸುತ್ತಿದಳು. ವೆಲ್ಡರಿನ ಮುಖದಲ್ಲಿ ಹೊತ್ತಿದ್ದೆಲ್ಲ ಒಂದೊಂದಾಗಿ ಆರಿತು. ಅವನು ಹೊರಗಿದ್ದ ಎರಡು ಬೆರಳಿನಿಂದ ಹೊದಿಕೆಯ ಅಂಚನ್ನು ಹಿಡಿದು ಕಾಲಿನ ಮೇಲೆ ಎಳೆದುಕೊಳ್ಳಲು ನೋಡಿದ, ಅದು ಮೊಣಕಾಲಿನ ತನಕವೂ ಬರಲಿಲ್ಲ. ಕಿಟಕಿಯಿಂದ ತಿರುಗಿದ ಅಕ್ಕ ಇಬ್ಬರನ್ನೂ ನೋಡಿದಳು. ಮೆಲ್ಲಗೆ ಬಂದು, ತನ್ನ ಮೂಗಿಗೆ ಕಟ್ಟಿಕೊಂಡಿದ್ದ ಬಟ್ಟೆಯನ್ನು ಬಿಚ್ಚಿ ಜೋಪಾನವಾಗಿ ಮಡಿಸಿ ದಿಂಬಿನ ಪಕ್ಕ ಇಟ್ಟು, ತಮ್ಮನ ಹಾಸಿಗೆಯ ಅಂಚಿನಲ್ಲಿ, ಅವನಿಗೆ ಒತ್ತಿಕೊಂಡು ಕೂತಳು. ಅವಳ ಮೂಗಿನ ಹೊಳ್ಳೆ ಅದುರುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ಅವಳು ಮುಖ ತಿರುಗಿಸಲಿಲ್ಲ.

ತಪ್ಪು ತಿಳ್ಕೋಬೇಡಿ ಸಾರ್, ಬಾಯಿಗೆ ಬಂದದ್ದು ಅಂದುಬಿಟ್ಟೆ, ಎಂದ ವೆಲ್ಡರ್. ಹಾಗಾದರೆ ವಾಲ್ವೇ ಇರಬೇಕು, ಎಂದ. ಕಾಗದ ಇಡು ಎಂದು ಅಕ್ಕನಿಗೆ ಹೇಳಿದ. ಅವಳು ಬಿಸ್ಕತ್ತಿನ ತಟ್ಟೆಯನ್ನು ಬೋರಲು ಹಾಕಿ, ಅದರ ಮೇಲೆ ಕಾಗದ ಇಟ್ಟು ಹಿಡಿದುಕೊಂಡಳು. ಅವನು ಎರಡು ಬೆರಳ ಸಂದಿಯಲ್ಲಿ ಪೆನ್ನು ಸಿಕ್ಕಿಸಿಕೊಂಡು ಮೊದಲ ಅಕ್ಷರ ಬರೆದ. ಅಷ್ಟಕ್ಕೇ ಹಣೆಯ ಮೇಲೆ ಬೆವರು ಮೂಡಿತು.

“ಪೂರ್ತಿ ಹೆಸರು ಬರೀಬೇಕಾ ಸಾರ್?”

“ಪೂರ್ತಿ,” ಎಂದು ಅವನು ಕರ್ಚೀಫಿನ ಒಳಗಿನಿಂದ ಹೇಳಿದ.

ಉದ್ದನೆಯ ಹೆಸರು. ಅಪ್ಪನ ಹೆಸರೂ ಸೇರಿತ್ತು. ಅದು ಮುಗಿಯುವ ತನಕ ಅವನು ಮೂಗು ಮುಚ್ಚಿಕೊಂಡೇ ಕೂತಿರಬೇಕಾಯಿತು.